ಕಾಟಪ್ಪನಿಗೆ ಗೊತ್ತಿದ್ದ ಏಜೆಂಟು

ಕಣಿವೆಹಟ್ಟಿಯ ಕಾಟಪ್ಪನಿಗೆ ಗೊತ್ತಿಲ್ಲದವರು ಚಿತ್ರದುರ್ಗ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ಇದು ಸ್ವತಃ ಕಾಟಪ್ಪನೇ ಹೇಳಿದ ಮಾತಾದ್ದರಿಂದ ನಾವು ನಂಬಲೇಬೇಕು. ಯಾರಿಗಾದರೂ ಕಚೇರಿಯಲ್ಲಿ ಕೆಲಸ ಬಿದ್ದರೆ "ಅಲ್ಲಿ ನಮ್ಮೋರೊಬ್ರು ಅದಾರೆ" ಎನ್ನುತ್ತಿದ್ದ. ಯಾರಿಗಾದರೂ ಕಾಲು ಮುರಿದರೆ "ಆಸ್ಪತ್ರೇಲಿ ನಮ್ಮೋರೊಬ್ರು ಅದಾರೆ" ಎನ್ನುತ್ತಿದ್ದ. ಹಿರಿಯೂರಿನ ಮದುವೆಯೊಂದರಲ್ಲಿ ಎರಡನೇ ಪಂಕ್ತಿಗೆ ಹೋಳಿಗೆ ಮುಗಿದುಹೋದಾಗ, ಅಡಿಗೆಯವರಲ್ಲೂ ಅವನವರೊಬ್ಬರು ಇದ್ದರು. ಹೋಳಿಗೆ ಬರಲಿಲ್ಲ, ಅದು ಬೇರೆ ಮಾತು.

ಈ ನಮ್ಮೋರುಗಳನ್ನು ಹಟ್ಟಿಯವರು ಕಣ್ಣಾರೆ ಕಂಡದ್ದಿಲ್ಲ. ಆದರೂ ಕಷ್ಟದಲ್ಲಿದ್ದಾಗ ಅಂಥ ಮಾತು ಕಿವಿಗೆ ಬಿದ್ದರೆ ಎದೆಗೆ ಒಂದಿಷ್ಟು ತಂಪು. ಹಾಗಾಗಿ ಅವನ ಬಾಯಿ ಯಾರೂ ಮುಚ್ಚಿಸಿರಲಿಲ್ಲ. ಅವನ ಹೆಂಡತಿ ನಾಗಕ್ಕ ಮಾತ್ರ ಆಗಾಗ ಪ್ರಯತ್ನಿಸುತ್ತಿದ್ದಳು. ಮನೆಯ ಅರವತ್ತು ಕುರಿಗಳನ್ನು ನಿಜವಾಗಿ ನೋಡಿಕೊಳ್ಳುತ್ತಿದ್ದವಳು ಅವಳೇ. ಕಾಟಪ್ಪ ಕುರಿಯ ಹಿಂದೆ ಹೋಗುತ್ತಿದ್ದ, ನಾಗಕ್ಕ ಕುರಿಯನ್ನು ನೋಡುತ್ತಿದ್ದಳು. "ಲೇ, ಆ ಕಂದು ಕುರಿ ಯಾಕೋ ಮಂಕಾಗೈತೆ, ಏನು ಅಂತ ನೋಡು" ಎಂದು ಅವನು ಮರದ ನೆರಳಲ್ಲಿ ಕುಳಿತು ಹೇಳುವುದು, ಅವಳು ಹೋಗಿ ಬಾಯಿ ಬಿಡಿಸಿ, ಗೊರಸು ಎತ್ತಿ, ರೆಪ್ಪೆ ಮಗುಚಿ ಕಾರಣ ಹೇಳುವುದು. ಹೀಗೆ ಮೂವತ್ತು ವರ್ಷ ಸಂಸಾರ ನಡೆದಿತ್ತು.

ಕಣಿವೆಹಟ್ಟಿ ಇರುವುದು ಶ್ರೀರಾಂಪುರದಿಂದ ಆರು ಕಿಲೋಮೀಟರ್ ಒಳಗೆ. ಮನೆ ನಲವತ್ತು, ಕುರಿ ಎರಡು ಸಾವಿರ. ಹಿಂದಿನ ವರ್ಷ ಹಟ್ಟಿಯಲ್ಲಿ ಮರಿಗಳಿಗೆ ಭೇದಿ ಹತ್ತಿಕೊಂಡು, ಡಾಕ್ಟರರನ್ನು ಕರೆತರುವಷ್ಟರಲ್ಲಿ ಬೋರಕ್ಕನ ಹನ್ನೊಂದು ಮರಿ ಸತ್ತಿದ್ದವು. ಡಾಕ್ಟರರದೇನೂ ತಪ್ಪಿಲ್ಲ. ಅವರು ಒಬ್ಬರು, ಹಟ್ಟಿಗಳು ಹತ್ತಾರು. ಬೋರಕ್ಕ ಆಮೇಲೆ ಒಂದು ತಿಂಗಳು ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ.

ಆದ್ದರಿಂದ ಒಂದು ಸೋಮವಾರ ಬೆಳಿಗ್ಗೆ ಚಿತ್ರದುರ್ಗದ ಕುರಿಬಂಧು ಪ್ರತಿಷ್ಠಾನದ ಜೀಪು ಬಂದು ನಿಂತು, ಅದರಿಂದ ದಿವ್ಯಾ ಎಂಬ ಅಧಿಕಾರಿಣಿ ಇಳಿದು, "ಕುರಿಗಳಿಗೆ ಓಡಾಡುವ ಆಸ್ಪತ್ರೆ ವ್ಯಾನ್ ಬಂದಿದೆ" ಎಂದಾಗ, ಬೇವಿನ ಕಟ್ಟೆಯ ಸುತ್ತ ಹಟ್ಟಿಗೆ ಹಟ್ಟಿಯೇ ನೆರೆಯಿತು.

"ವ್ಯಾನ್ ಇರೋದು ಒಂದೇ. ಕೇಳ್ತಿರೋ ಹೋಬಳಿ ಮೂರು," ಎಂದಳು ದಿವ್ಯಾ. "ಹಿರಿಯೂರು ಕಡೆ ಧರ್ಮಪುರ, ಹೊಳಲ್ಕೆರೆ ಕಡೆ ರಾಮಗಿರಿ, ಇಲ್ಲಿ ನಿಮ್ಮ ಶ್ರೀರಾಂಪುರ. ವ್ಯಾನಿನಲ್ಲಿ ಡಾಕ್ಟರ್ ಜೊತೆಗೆ ಒಂದು ಕನ್ನಡಕನೂ ಇರುತ್ತೆ. ಅದನ್ನ ಹಾಕ್ಕೊಂಡ್ರೆ ನೀವು ಬೇರೆ ಒಂದು ಲೋಕಕ್ಕೆ ಹೋಗ್ತೀರಿ. ಅಲ್ಲೊಂದು ಬೇಲಿ ಕಟ್ಟಿದ ರೊಪ್ಪ ಇದೆ, ಅದರ ತುಂಬ ಕುರಿ. ಯಾವುದಕ್ಕೆ ಏನು ಕಾಯಿಲೆ ಅಂತ ಅಲ್ಲಿ ಕಲೀಬಹುದು. ಯಾರು ಚೆನ್ನಾಗಿ ಕಲೀತಾರೋ ಅವರ ಹೋಬಳಿಗೆ ವ್ಯಾನ್ ಒಂದು ವರ್ಷ. ಬರೋ ಗುರುವಾರ ಹನ್ನೊಂದು ಗಂಟೆಗೆ ಹೊಸದುರ್ಗದಲ್ಲಿ ಪರೀಕ್ಷೆ. ಹೋಬಳಿಗೆ ಒಬ್ಬರನ್ನ ಕಳಿಸಿ."

"ಬೇರೆ ಲೋಕಕ್ಕೆ ಹೋದೋರು ವಾಪಸ್ ಬರ್ತಾರಾ ತಾಯಿ?" ಎಂದಳು ಬೋರಕ್ಕ.

"ಹತ್ತೇ ನಿಮಿಷಕ್ಕೆ ಬರ್ತಾರೆ. ಭಯ ಬೇಡ. ಒಳಗೆ ನಿಮಗೆ ಸಹಾಯ ಮಾಡೋಕೆ ಅಂತಾನೇ ಒಬ್ರು ಬುದ್ಧಿವಂತ ಏಜೆಂಟ್ ಇರ್ತಾರೆ."

ದಿವ್ಯಾ ಇಷ್ಟು ಹೇಳಿ, ನೀರು ಕುಡಿದು, ಜೀಪು ಹತ್ತಿ ಹೋದಳು. ಬೇರೆ ಲೋಕಕ್ಕೆ ಹೋಗಿಬರಲು ಯಾರೂ ಮುಂದೆ ಬರಲಿಲ್ಲ. ಹಟ್ಟಿಯ ಹಿರಿಯ ಚಿಕ್ಕತಿಮ್ಮಪ್ಪ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ. ಅಷ್ಟರಲ್ಲಿ ಕಾಟಪ್ಪನ ನಾಲಿಗೆ, ಅವನನ್ನು ಒಂದು ಮಾತೂ ಕೇಳದೆ, ತಾನೇ ತಾನಾಗಿ ಹೊರಳಿತು.

"ಆ ಏಜೆಂಟು ನಂಗೆ ಗೊತ್ತು."

"ಯಾವ ಏಜೆಂಟು?"

"ಅದೇ, ಬುದ್ಧಿವಂತ ಏಜೆಂಟು. ನಮಗೆ ಬೇಕಾದೋರು."

ಚಿಕ್ಕತಿಮ್ಮಪ್ಪ ಟವೆಲ್ಲು ಕೊಡವಿ ಎದ್ದು ನಿಂತ. "ಅಂಗಾರೆ ಇನ್ನೇನಪ್ಪ? ಒಳಗೆ ಗುರುತಿನೋರು ಇರೋವಾಗ ಬೇರೆಯೋರು ಯಾಕೆ ಹೋಗ್ಬೇಕು? ಕಾಟಪ್ಪನೇ ಹೋಗ್ಲಿ!"

ಠರಾವು ಪಾಸಾಯಿತು. ಸಂಜೆಯ ಹೊತ್ತಿಗೆ ಸುದ್ದಿ ಶ್ರೀರಾಂಪುರ ಮುಟ್ಟಿ, ಉಳಿದ ಹಟ್ಟಿಗಳವರೂ ಒಪ್ಪಿದರು. ಮಾರನೇ ದಿನ ಬೆಳಿಗ್ಗೆ ಕಾಟಪ್ಪನ ಮನೆ ಮುಂದೆ ಏಜೆಂಟರಿಗೆಂದು ಕಾಣಿಕೆಗಳು ಬಂದು ಕುಳಿತಿದ್ದವು: ಒಂದು ಡಬ್ಬಿ ತುಪ್ಪ, ಒಂದು ಕರಿಕಂಬಳಿ, ಬೋರಕ್ಕನ ಕಡೆಯಿಂದ ಕಾಲು ಕಟ್ಟಿದ ಒಂದು ನಾಟಿ ಹುಂಜ.

"ನಿಂಗೆ ಯಾವ ಏಜೆಂಟು ಗೊತ್ತು?" ಎಂದು ನಾಗಕ್ಕ ಒಳಮನೆಗೆ ಕರೆದು ಕೇಳಿದಳು.

"ಗೊತ್ತಿಲ್ಲ," ಎಂದ ಕಾಟಪ್ಪ.

"ಹುಂಜ ತಿರುಗಿ ಕೊಟ್ಟು ಬಾ."

"ಬೋರಕ್ಕ ಕಣ್ಣಾಗ್ ನೀರು ತುಂಬ್ಕಂಡು ಕೊಟ್ಟವ್ಳೆ. ಈಗ ಹೆಂಗೆ ತಿರುಗಿ ಕೊಡ್ಲಿ?"

ಕಾಟಪ್ಪ ಯೋಚಿಸಿದ. ಗೊತ್ತಿಲ್ಲದವರು ಗೊತ್ತಾಗುವುದು ಭೇಟಿಯಾದರೆ. ಗುರುವಾರಕ್ಕೆ ಇನ್ನೂ ಎರಡು ದಿನವಿದೆ. ಅಷ್ಟರಲ್ಲಿ ಹೋಗಿ ಪರಿಚಯ ಮಾಡಿಕೊಂಡುಬಿಟ್ಟರೆ ಹೇಳಿದ ಮಾತು ಸುಳ್ಳೇ ಅಲ್ಲ, ಸ್ವಲ್ಪ ಮುಂಚಿತವಾಗಿ ಹೇಳಿದಂತಾಯಿತು, ಅಷ್ಟೇ. ತುಪ್ಪ, ಕಂಬಳಿ, ಹುಂಜಗಳೊಂದಿಗೆ ಅವನು ಹೊಸದುರ್ಗದ ಬಸ್ಸು ಹತ್ತಿದ.

ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯವನನ್ನು ಅವನು ವಿನಯದಿಂದ ಕೇಳಿದ: "ಸ್ವಾಮಿ, ಇಲ್ಲಿ ಏಜೆಂಟರು ಯಾರಾದ್ರೂ ಅದಾರಾ?"

"ಏಜೆಂಟ್ರಾ? ಕಲ್ಲು ಹೊಡೆದ್ರೆ ಏಜೆಂಟಿಗೇ ಬೀಳೋದು. ಯಾವ ಏಜೆಂಟು? ಸೈಟಾ, ಕೊಬ್ರಿನಾ, ಗಾಡಿ ಲೈಸೆನ್ಸಾ?"

"ಬುದ್ಧಿವಂತ ಏಜೆಂಟು."

ಅಂಗಡಿಯವನು ಜೆರಾಕ್ಸ್ ಯಂತ್ರ ನಿಲ್ಲಿಸಿದ. ಇಷ್ಟು ವರ್ಷದಲ್ಲಿ ಯಾರೂ ಆ ಷರತ್ತು ಹಾಕಿರಲಿಲ್ಲ. ತುಂಬ ಹೊತ್ತು ಯೋಚಿಸಿ, "ಮಹಡಿ ಮೇಲೆ ಮುರುಗೇಶ್ ಅಂತ ಅದಾರೆ, ನೋಡ್ರಿ," ಎಂದ.

ಮುರುಗೇಶ್ ಇಪ್ಪತ್ತೆರಡು ವರ್ಷದಿಂದ ಜೀವವಿಮೆಯ ಏಜೆಂಟ್. ಗೋಡೆಯ ಮೇಲೆ ಹದಿನಾಲ್ಕು ಪ್ರಶಸ್ತಿ ಪತ್ರ, ಮೇಜಿನ ಮೇಲೆ ಒಂದು ಫ್ಯಾನು, ಆ ಬೆಳಿಗ್ಗೆ ಗಿರಾಕಿ ಒಬ್ಬರೂ ಇಲ್ಲ. ಅಂಥ ಸಮಯದಲ್ಲಿ ಬಾಗಿಲಲ್ಲಿ ಒಬ್ಬ ಮನುಷ್ಯ ಕಂಬಳಿ ಹೊತ್ತು, ಕಂಕುಳಲ್ಲಿ ಹುಂಜ ಅವುಚಿಕೊಂಡು ನಿಂತು, "ಬುದ್ಧಿವಂತ ಏಜೆಂಟು ಅಂದ್ರೆ ನೀವೇನಾ ಸ್ವಾಮಿ?" ಎಂದ.

ಈ ಪ್ರಶ್ನೆಗೆ ಅಲ್ಲವೆನ್ನುವ ಮನುಷ್ಯ ಹೊಸದುರ್ಗದಲ್ಲಿ ಇನ್ನೂ ಹುಟ್ಟಿಲ್ಲ. ಮುರುಗೇಶ್ ಕಾಲರು ಸರಿಮಾಡಿಕೊಂಡು, "ಜನ ಹಾಗೆ ಹೇಳ್ತಾರೆ. ಬರ್ರಿ, ಕುಂತ್ಕಳ್ರಿ," ಎಂದ.

"ಗುರುವಾರ ನಾನೇ ಹೋಗೋದು ಸ್ವಾಮಿ. ಕಣಿವೆಹಟ್ಟಿ ನಲವತ್ತು ಮನೆ, ಹಟ್ಟಿಯೋರೆಲ್ಲ ಸೇರಿ ನನ್ನೇ ಕಳಿಸ್ತಾ ಅದಾರೆ. ನಿಮ್ಮ ಕೈ ಬಿಡ್ಬಾರ್ದು."

"ನಾನಿರೋದೇ ಅದಕ್ಕೆ," ಎಂದ ಮುರುಗೇಶ್. ಅವನಿಗೆ ಕೇಳಿಸಿದ್ದು ಹಟ್ಟಿಯವರೆಲ್ಲ ಎಂಬ ಒಂದೇ ಶಬ್ದ. ನಲವತ್ತು ಮನೆ, ನಲವತ್ತು ಪಾಲಿಸಿ! "ನಾಳೆ ನಾನೇ ನಿಮ್ಮ ಹಟ್ಟಿಗೆ ಬರ್ತೀನಿ. ಎಲ್ರನ್ನೂ ಒಂದ್ ಕಡೆ ಸೇರಿಸ್ರಿ, ಮಾತಾಡಾಣ."

ತಾನಾಗಿಯೇ ಹಟ್ಟಿಗೆ ಬರುತ್ತೇನೆಂದ ಮೊದಲ ನಮ್ಮೋರು! ಕಾಟಪ್ಪ ಸಂತೋಷದಲ್ಲಿ ಹುಂಜದ ಹಗ್ಗ ಬಿಟ್ಟುಬಿಟ್ಟ. ಅದು ಹದಿನಾಲ್ಕು ಪ್ರಶಸ್ತಿ ಪತ್ರಗಳ ಪೈಕಿ ಮೂರನ್ನು ಕೆಳಗಿಳಿಸಿದ ಮೇಲೆ ಸಿಕ್ಕಿತು. ಅದನ್ನೂ ತುಪ್ಪ, ಕಂಬಳಿಗಳನ್ನೂ ಮುರುಗೇಶನಿಗೆ ಒಪ್ಪಿಸಿ ಕಾಟಪ್ಪ ಊರಿನ ಬಸ್ಸು ಹತ್ತಿದ.

ಬುಧವಾರ ಮಧ್ಯಾಹ್ನ ಮುರುಗೇಶನ ಬೈಕು ಹಟ್ಟಿಯ ತಿರುವಿನಲ್ಲಿ ಕಾಣುತ್ತಲೇ ತಮಟೆ ಬಡಿಯಿತು. ಹೆಂಗಸರು ಆರತಿ ಎತ್ತಿದರು. ಇಪ್ಪತ್ತೆರಡು ವರ್ಷದ ವೃತ್ತಿಯಲ್ಲಿ ಜನ ಅವನನ್ನು ಕಂಡು ಹಿತ್ತಿಲ ಬಾಗಿಲಿನಿಂದ ಹೋಗುತ್ತಿದ್ದರೇ ಹೊರತು ಮುಂಬಾಗಿಲಿಗೆ ಬಂದದ್ದಿಲ್ಲ. ಕಟ್ಟೆಯ ಮೇಲೆ ಕೂರಿಸಿ, ಎಳನೀರು ಕೊಟ್ಟು, ಎಲ್ಲರೂ ಸುತ್ತ ಕುಳಿತರು.

"ನೋಡ್ರಿ," ಎಂದು ಮುರುಗೇಶ್ ತನ್ನ ಎಂದಿನ ಗಂಭೀರ ದನಿಯಲ್ಲಿ ಶುರುಮಾಡಿದ. "ಈ ಲೋಕ ಬಿಟ್ಟು ಎಲ್ರೂ ಒಂದಲ್ಲ ಒಂದಿನ ಹೋಗ್ಲೇಬೇಕು."

"ಎಲ್ರೂ ಯಾಕ್ರಿ?" ಎಂದ ಚಿಕ್ಕತಿಮ್ಮಪ್ಪ. "ಕಾಟಪ್ಪ ಒಬ್ನೇ ಸಾಕು. ನಾವು ಠರಾವು ಮಾಡೀವಿ."

ಮುರುಗೇಶ್ ಎಳನೀರಿನಿಂದ ತಲೆಯೆತ್ತಿದ. "ಏನಂತ ಠರಾವು?"

"ಕಾಟಪ್ಪ ಹೋಗ್ಬೇಕು ಅಂತ. ನಾಳೆ, ಹನ್ನೊಂದು ಗಂಟೆಗೆ."

"ಟೈಮೂ ಗೊತ್ತಾ?"

"ಅವ್ರೇ ಕೊಟ್ಟಿರೋ ಟೈಮು. ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ."

ಮುರುಗೇಶ್ ಕಾಟಪ್ಪನ ಮುಖ ನೋಡಿದ. ಕಾಟಪ್ಪ ಕ್ಷೌರ ಮಾಡಿಸಿಕೊಂಡು, ಹೊಸ ಬಿಳಿ ಅಂಗಿ ತೊಟ್ಟು, ಹೋಗಲು ಸಿದ್ಧನಾಗಿ ನಗುತ್ತ ಕುಳಿತಿದ್ದ. ಮುರುಗೇಶ್ ನಾಗಕ್ಕನ ಕಡೆ ತಿರುಗಿದ. "ಅಕ್ಕಾ... ಇದಕ್ಕೆ ನಿಮ್ಮ ಒಪ್ಪಿಗೆ ಐತಾ?"

"ಹೋಗ್ಲಿ ಬಿಡ್ರಿ," ಎಂದಳು ನಾಗಕ್ಕ. "ಮನೇಲಿದ್ದು ತಾನೆ ಏನ್ ಮಾಡ್ತಾನೆ? ಇವ್ನು ಹೋದ್ರಾದ್ರೂ ನಾಲ್ಕು ಜನಕ್ಕೆ ಉಪಯೋಗ ಆಗ್ಲಿ."

ಎಳನೀರಿನ ಬುರುಡೆ ಮುರುಗೇಶನ ಕೈಯಿಂದ ಜಾರಿತು. ಅಭ್ಯಾಸಬಲವೆಂಬುದು ದೊಡ್ಡದು. ಅಂಥ ಹೊತ್ತಿನಲ್ಲೂ ಅವನ ಬಾಯಿಂದ ಮುಂದಿನ ಪ್ರಶ್ನೆ ತಾನಾಗಿ ಬಂತು: "ಇವ್ರು ಹೋದ ಮೇಲೆ ಬರೋದು... ಯಾರಿಗೆ ಸೇರ್ಬೇಕು?"

"ಇಡೀ ಹೋಬಳಿಗೆ!" ಎಂದು ನೂರು ಗಂಟಲು ಒಟ್ಟಿಗೆ ಕೂಗಿದವು.

"ಬಂದ ತಕ್ಷಣ ಮೊದ್ಲು ನಮ್ಮನೇಗೆ ಬರ್ಬೇಕು," ಎಂದು ಬೋರಕ್ಕ ಎದ್ದು ಕೈಮುಗಿದಳು. "ಹೋದ ವರ್ಷ ಹನ್ನೊಂದು ಕಳ್ಕಂಡಿವ್ನಿ ಸ್ವಾಮಿ. ಇವ್ನೊಬ್ಬ ಹೋದ್ರೆ ಉಳಿದಿದ್ದಾದ್ರೂ ಉಳೀತವೆ."

ಹೋದ ವರ್ಷ ಹನ್ನೊಂದು! ಮುರುಗೇಶ್ ಎದ್ದ. ಕರ್ಚೀಫು ಕೂಡ ತೆಗೆದುಕೊಳ್ಳದೆ ಬೈಕು ಹತ್ತಿ, ತಮಟೆಯವರು ಕೋಲು ಹುಡುಕಿಕೊಳ್ಳುವ ಮೊದಲೇ ತಿರುವು ದಾಟಿಬಿಟ್ಟ.

"ದೊಡ್ಡ ಮನುಷ್ಯ. ಮಾತು ಕಮ್ಮಿ," ಎಂದು ಹಟ್ಟಿ ಮೆಚ್ಚಿಕೊಂಡಿತು.

ಗುರುವಾರ ಹೊಸದುರ್ಗದ ಸಮುದಾಯ ಭವನ ಕಿಕ್ಕಿರಿದಿತ್ತು. ಮೂರು ಹೋಬಳಿಗಳ ಜನ ಮೂರು ಕಡೆ. ವೇದಿಕೆಯ ಮೇಲೆ ದೊಡ್ಡ ತೆರೆ. ಕನ್ನಡಕ ಹಾಕಿದವನು ಒಳಗೆ ಕಾಣುವುದನ್ನೆಲ್ಲ ಹೊರಗಿನವರು ಅದರಲ್ಲಿ ನೋಡಬಹುದಿತ್ತು. ರೊಪ್ಪದಲ್ಲಿ ಇಪ್ಪತ್ತು ಕುರಿ. ಅವುಗಳಲ್ಲಿ ಕಾಯಿಲೆಯವು ಮೂರು. ಹತ್ತು ನಿಮಿಷದಲ್ಲಿ ಆ ಮೂರನ್ನು ಗುರುತಿಸಿ ಕಾಯಿಲೆ ಹೇಳಬೇಕು. ಸರದಿ ಬರುವವರೆಗೆ ಸ್ಪರ್ಧಿಗಳು ತೆರೆ ಕಾಣದಂತೆ ಪಕ್ಕದ ಕೋಣೆಯಲ್ಲಿ ಕೂರಬೇಕು.

ಮೊದಲು ಧರ್ಮಪುರದ ಮೋಹನ್‌ಕುಮಾರ್. ಪದವೀಧರ. ಫೋನಿನಲ್ಲಿ ಆಟವಾಡಿ ಆಡಿ ಹೆಬ್ಬೆರಳು ಸವೆಸಿಕೊಂಡವನು. ಕೈಗೆ ಕೊಟ್ಟ ಎರಡು ಹಿಡಿಗಳನ್ನು ಹಿಡಿದು ಅವನು ರೊಪ್ಪದೊಳಗೆ ಬಿರುಗಾಳಿಯಂತೆ ನುಗ್ಗಿದ. ಒಂದು ದನಿ "ನಿಮಗೆ ಸಹಾಯ ಬೇಕೆ?" ಎಂದರೆ, "ಬ್ಯಾಡ, ಬ್ಯಾಡ" ಎಂದು ಮುಂದೆ ಓಡಿದ. ನಾಲ್ಕು ನಿಮಿಷಕ್ಕೆ ಮುಗಿಸಿ ಕನ್ನಡಕ ತೆಗೆದ. ಮೂರರಲ್ಲಿ ಎರಡು ಸರಿ, ಒಂದು ತಪ್ಪು. ಧರ್ಮಪುರದವರು ಶಿಳ್ಳೆ ಹೊಡೆದರು.

ಆಮೇಲೆ ರಾಮಗಿರಿಯ ರೇವಣಸಿದ್ದಪ್ಪ ಮೇಷ್ಟ್ರು, ನಿವೃತ್ತ ಕನ್ನಡ ಪಂಡಿತರು. ದನಿ "ನಿಮಗೆ ಸಹಾಯ ಬೇಕೆ?" ಎಂದಿತು. ಮೇಷ್ಟ್ರು "ಬೇಕೆ ಎನ್ನುವಾಗ ಮಹಾಪ್ರಾಣ ಬಂದುಬಿಟ್ಟಿದೆ. ಇನ್ನೊಮ್ಮೆ ಹೇಳು" ಎಂದರು. ಹತ್ತು ನಿಮಿಷ ಮುಗಿಯುವಷ್ಟರಲ್ಲಿ ಏಜೆಂಟಿನ ಉಚ್ಚಾರಣೆ ಬಹಳ ಸುಧಾರಿಸಿತ್ತು. ಕುರಿ ಮಾತ್ರ ಒಂದೇ ಸಿಕ್ಕಿತ್ತು.

"ಶ್ರೀರಾಂಪುರ ಹೋಬಳಿ, ಕಾಟಪ್ಪ," ಎಂದು ದಿವ್ಯಾ ಕರೆದಳು.

ಗಡಿಯಾರದಲ್ಲಿ ಹನ್ನೊಂದೂವರೆ. ಕಾಟಪ್ಪ ವೇದಿಕೆ ಹತ್ತಿ, ಜನಕ್ಕೆ ಕೈಮುಗಿದ. ಅಷ್ಟರಲ್ಲಿ ಹಿಂದಿನ ಬಾಗಿಲು ದಡಾರೆಂದು ತೆರೆದು, ಹಟ್ಟಿಗೆ ಹೋಗಿ, ಎಲ್ಲರೂ ಭವನಕ್ಕೆ ಹೋದರೆಂದು ತಿಳಿದು ಬೈಕು ತಿರುಗಿಸಿಕೊಂಡು ಬಂದ ಕೆದರಿದ ತಲೆಯ ಮುರುಗೇಶ್ ಎರಡೂ ಕೈ ಮೇಲೆತ್ತಿ ಓಡಿಬಂದ.

"ಹೋಗ್ಬೇಡ್ರಿ ಕಾಟಪ್ಪ! ಹೋಗ್ಬೇಡ್ರಿ! ನಿಮ್ಮ ವಯಸ್ಸೇನು? ಎಲ್ಲಾದಕ್ಕೂ ದಾರಿ ಐತೆ!"

"ಏಜೆಂಟ್ರು ಬಂದ್ರು! ಏಜೆಂಟ್ರು ಬಂದ್ರು!" ಎಂದು ಕಣಿವೆಹಟ್ಟಿ ಎದ್ದು ನಿಂತಿತು.

"ಯಾರು ಇವರು?" ಎಂದಳು ದಿವ್ಯಾ.

"ನಿಮ್ಮ ಬುದ್ಧಿವಂತ ಏಜೆಂಟು ಕಣ್ರಿ. ಒಳಗೆ ಇರ್ಬೇಕಾಗಿತ್ತು, ಹೊರಗೆ ಯಾಕೆ ಬಂದ್ರೋ," ಎಂದ ಚಿಕ್ಕತಿಮ್ಮಪ್ಪ.

"ನಾನು ಜೀವವಿಮೆ ಏಜೆಂಟ್!" ಎಂದ ಮುರುಗೇಶ್, ಏದುಸಿರು ಬಿಡುತ್ತ. "ಈ ಮನುಷ್ಯ ಇವತ್ತು ಹನ್ನೊಂದು ಗಂಟೆಗೆ ಸಾಯ್ತಾನಂತೆ ಮೇಡಂ. ಹಟ್ಟಿಯೋರೇ ಠರಾವು ಮಾಡವ್ರೆ. ಹೆಂಡ್ತಿ ಒಪ್ಪಿಗೆ ಬೇರೆ ಕೊಟ್ಟವ್ಳೆ!"

ಭವನದಲ್ಲಿ ಎದ್ದ ಗದ್ದಲವನ್ನು ವಿವರಿಸಲು ನನ್ನಿಂದಾಗದು. ಎಲ್ಲರೂ ಎಲ್ಲರಿಗೂ ವಿವರಿಸಿದರು. ಕೊನೆಗೆ ದಿವ್ಯಾ ಮೈಕು ಹಿಡಿದು, ಬೇರೆ ಲೋಕವೆಂದರೆ ಕಂಪ್ಯೂಟರಿನಲ್ಲಿ ಕಟ್ಟಿದ ಲೋಕವೆಂದೂ, ಒಳಗಿರುವ ಏಜೆಂಟ್ ಮನುಷ್ಯನಲ್ಲ, ಕೇಳಿದ್ದಕ್ಕೆ ಉತ್ತರ ಹೇಳಿ, ಹೇಳಿದ ಕೆಲಸ ಮಾಡಿಕೊಡುವ ಒಂದು ಕಂಪ್ಯೂಟರ್ ಏರ್ಪಾಡೆಂದೂ ಬಿಡಿಸಿ ಹೇಳಿದಳು. ಮುರುಗೇಶ್ ಮುಂದಿನ ಸಾಲಿನ ಕುರ್ಚಿಯ ಮೇಲೆ ಕುಸಿದು ಕುಳಿತ.

ಗದ್ದಲ ಇಳಿಯಿತು. ಚಿಕ್ಕತಿಮ್ಮಪ್ಪ ನಿಂತೇ ಇದ್ದ.

"ಅಂಗಾರೆ ಕಾಟಪ್ಪ," ಎಂದ ಅವನು ಮೆಲ್ಲಗೆ, "ನಿಂಗೆ ಏಜೆಂಟು ಗೊತ್ತಿಲ್ಲ."

ಕಾಟಪ್ಪ ವೇದಿಕೆಯ ಮೇಲೆ, ಮೂರು ಹೋಬಳಿಗಳ ಎದುರು, ಹೊಸ ಅಂಗಿಯಲ್ಲಿ ನಿಂತಿದ್ದ. ಐವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ನಾಲಿಗೆ ಅವನ ಅಪ್ಪಣೆಗೆ ಕಾಯುತ್ತಿತ್ತು. ಮೂರನೇ ಸಾಲಿನಲ್ಲಿ ಬೋರಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಕುಳಿತಿದ್ದಳು.

"ಗೊತ್ತಿಲ್ಲ," ಎಂದ. "ನಂಗೆ ಯಾರೂ ಗೊತ್ತಿಲ್ಲ ಚಿಕ್ಕತಿಮ್ಮಣ್ಣ. ಸುಮ್ನೆ ಅಂದೆ."

ಧರ್ಮಪುರದವರ ಕಡೆಯಿಂದ ಕಿಸಕ್ ಎಂಬ ನಗೆ ಕೇಳಿತು. ಆಗ ನಾಗಕ್ಕ ತನ್ನ ಜಾಗದಲ್ಲೇ ಎದ್ದಳು. "ಗೊತ್ತಿಲ್ದಿದ್ರೆ ಹೋಗಿ ಗೊತ್ತು ಮಾಡ್ಕ! ಬಾಯಿ ಬಿಟ್ಕಂಡು ನಿಂತ್ರೆ ವ್ಯಾನು ಬರ್ತೈತಾ? ಕನ್ನಡ್ಕ ಹಾಕ್ಕ!"

ಕಾಟಪ್ಪ ಕನ್ನಡಕ ಹಾಕಿಕೊಂಡ.

ತೆರೆಯ ಮೇಲೆ ರೊಪ್ಪ ಮೂಡಿತು. ಕಳ್ಳಿಬೇಲಿ, ಕೆಂಪು ಮಣ್ಣು, ದೂರಕ್ಕೆ ಜೋಗಿಮಟ್ಟಿಯಂಥ ಒಂದು ಹಸಿರು ಗುಡ್ಡ. ಬೇಲಿಯ ಪಕ್ಕ ನೀಲಿ ಸೀರೆಯುಟ್ಟ ಹೆಂಗಸೊಬ್ಬಳು, ಕಾಲು ನೆಲಕ್ಕೆ ಒಂದು ಬೆರಳಷ್ಟು ತಾಗದೆ ನಿಂತಿದ್ದಳು.

"ನಮಸ್ಕಾರ. ನಾನು ನಿಮ್ಮ ಸಹಾಯಕ ಏಜೆಂಟ್. ನಿಮಗೆ ಸಹಾಯ ಬೇಕೆ?"

"ಬೇಕವ್ವ ತಾಯಿ, ಬೇಕು," ಎಂದ ಕಾಟಪ್ಪ. "ನಂಗೆ ಇಲ್ಲಿ ಏನೂ ಗೊತ್ತಿಲ್ಲ. ಈ ಕೈಯಾಗಿನ ಹಿಡಿ ಏನ್ ಮಾಡ್ಬೇಕೋ ಅದೂ ಗೊತ್ತಿಲ್ಲ. ನೀನೇ ಎಲ್ಲ ಮಾಡ್ಬೇಕು."

"ಹಿಡಿ ಬಳಸಬೇಕಾಗಿಲ್ಲ. ಬಾಯಲ್ಲಿ ಹೇಳಿ, ನಾನು ಮಾಡುತ್ತೇನೆ."

ಕಾಟಪ್ಪನ ಮುಖದ ಮೇಲೆ ಒಂದು ಬೆಳಕು ಹಾದುಹೋಯಿತು. ಬಾಯಲ್ಲಿ ಹೇಳುವುದು, ಬೇರೆಯವರು ಮಾಡುವುದು! ಇದು ಅವನಿಗೆ ಹೊಸ ಲೋಕವಲ್ಲ. ಮೂವತ್ತು ವರ್ಷದಿಂದ ಅವನು ವಾಸವಾಗಿದ್ದ ಲೋಕವೇ ಅದು. ಹಿಡಿಗಳನ್ನು ಕೆಳಗಿಟ್ಟು, ಅಲ್ಲೇ ವೇದಿಕೆಯ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕುಳಿತುಬಿಟ್ಟ.

"ಅಂಗಾರೆ ಎಲ್ಲಾನೂ ಆ ಕಡೆಯಿಂದ ಈ ಕಡೆಗೆ ನಡೆಸು. ಓಡಿಸ್ಬ್ಯಾಡ, ನಿಧಾನ."

ಇಪ್ಪತ್ತು ಕುರಿ ಸಾಲಾಗಿ ನಡೆದವು. ಕಾಟಪ್ಪ ಕುಳಿತಲ್ಲಿಂದ ನೋಡಿದ. "ಆ ಮೋಟು ಕಿವೀದು ನಿಲ್ಸು. ಮುಂದಿನ ಎಡಗಾಲು ಊರಾಕೆ ಹಿಂದೇಟು ಹಾಕ್ತೈತೆ. ಗೊರಸು ಎತ್ತಿ ತೋರ್ಸು. ಸಂದಿ ಬಿಡ್ಸು. ಹ್ಞಾ, ನೋಡು, ಕೊಳ್ತೈತೆ. ವಾಸ್ನೆ ಬರ್ತೈತಾ ತಾಯಿ?"

"ಈ ಲೋಕದಲ್ಲಿ ವಾಸನೆ ಇಲ್ಲ."

"ಪುಣ್ಯವಂತೆ ನೀನು. ಗೊರಸು ಕೊಳೆ, ಒಂದು ಬರ್ಕ."

ಎರಡನೆಯದಕ್ಕೆ ಕಾಟಪ್ಪ ಒಂದೊಂದು ಕುರಿಯ ಕಣ್ಣಿನ ಕೆಳರೆಪ್ಪೆಯನ್ನೂ ಮಗುಚಿ ತೋರಿಸೆಂದ. ಬೇರೆ ಯಾರಿಗೂ ಅದು ಹೊಳೆದಿರಲಿಲ್ಲ. ಹನ್ನೆರಡನೆಯ ಕುರಿಯ ರೆಪ್ಪೆ ಸುಣ್ಣದಂತೆ ಬಿಳಿಚಿತ್ತು. "ಹೊಟ್ಟೇಲಿ ಹುಳ. ರಕ್ತ ಎಲ್ಲ ಅವೇ ಕುಡ್ದವೆ. ಇನ್ನೊಂದ್ ವಾರ ಬಿಟ್ರೆ ಇದು ಎದ್ದೇಳಲ್ಲ." ಮೂರನೆಯದು ಎಡಹೊಟ್ಟೆ ತಮಟೆಯಂತೆ ಬಿಗಿದುಕೊಂಡ ಕುರಿ. "ಹೊಟ್ಟೆ ಉಬ್ಬರ. ಬೆರಳಲ್ಲಿ ಬಡ್ದು ನೋಡು" ಎಂದ. ಏಜೆಂಟು ಬಡಿಯಿತು. ಭವನದ ಸ್ಪೀಕರಿನಿಂದ ದುಂ ಎಂಬ ಶಬ್ದ ಬಂತು.

ಆರು ನಿಮಿಷ ಕಳೆದಿತ್ತು.

"ಮೂಲೆಯಲ್ಲಿರುವ ಕುರಿಯನ್ನೂ ನೋಡುವಿರಾ?" ಎಂದಿತು ಏಜೆಂಟು. "ಅದು ಮೇಯುತ್ತಿಲ್ಲ, ನೆಲ ಕೆರೆಯುತ್ತಿದೆ, ಮಲಗಿ ಏಳುತ್ತಿದೆ. ಹೊಟ್ಟೆನೋವು ಇರಬಹುದು ಎಂದು ನನ್ನ ಅಂದಾಜು. ಖಚಿತವಿಲ್ಲ."

ಮೋಹನ್‌ಕುಮಾರ್ ತಪ್ಪು ಮಾಡಿದ್ದು ಇದೇ ಕುರಿಯಲ್ಲಿ. ಕಾಟಪ್ಪ ದಿಟ್ಟಿಸಿ ನೋಡಿದ. ಕುರಿ ಕತ್ತು ತಿರುಗಿಸಿ ತನ್ನ ಬಾಲದ ಕಡೆಗೇ ನೋಡಿಕೊಳ್ಳುತ್ತಿತ್ತು.

"ಏನವ್ವ, ನೀನು ಹೆಣ್ಮಗಳಾಗಿ ಇಷ್ಟೂ ಗೊತ್ತಾಗಲ್ವಾ? ಹಿಂದಕ್ಕೆ ತಿರುಗ್ಸು. ಕೆಚ್ಚಲು ನೋಡು, ಹೆಂಗೆ ತುಂಬೈತೆ! ಇದಕ್ಕೆ ಕಾಯಿಲೆ ಅಲ್ಲ, ಈಯ್ತಾ ಐತೆ. ನೀರಿನ ಚೀಲ ಬಂತು ನೋಡು. ದೂರ ನಿಂತ್ಕ, ಅದರ ಪಾಡಿಗೆ ಬಿಡು."

"ನೀವು ಹೇಳಿದ್ದೇ ಸರಿ. ನನ್ನ ಅಂದಾಜು ತಪ್ಪಾಗಿತ್ತು. ತಿದ್ದಿದ್ದಕ್ಕೆ ಧನ್ಯವಾದ."

"ಇರ್ಲಿ ಬಿಡು, ನೀನೂ ಹೊಸಬಳು," ಎಂದು ಕಾಟಪ್ಪ ಸಮಾಧಾನ ಹೇಳಿದ.

ಎಂಟನೇ ನಿಮಿಷಕ್ಕೆ ಮರಿ ಹೊರಬಿತ್ತು. ಆದರೆ ಅಲುಗಾಡಲಿಲ್ಲ. "ಮೂಗು ಒರ್ಸು! ಬಾಯಾಗಿನ ಲೋಳೆ ತೆಗಿ! ಒಣಹುಲ್ಲು ತಗಂಡು ಮೈ ಉಜ್ಜು, ಇನ್ನೂ ಜೋರಾಗಿ!" ಎಂದು ಕಾಟಪ್ಪ ಕೂಗತೊಡಗಿದ. ಕಣಿವೆಹಟ್ಟಿ ಕೂಗಿತು. ಮರುಕ್ಷಣ ರಾಮಗಿರಿಯೂ ಕೂಗಿತು. ಮೇಷ್ಟ್ರು ಕುರ್ಚಿಯ ಮೇಲೆ ಹತ್ತಿ ನಿಂತು, ವ್ಯಾಕರಣ ಮರೆತು, "ಉಜ್ಜೇ! ಉಜ್ಜೇ!" ಎಂದರು. ಏಜೆಂಟು ಉಜ್ಜಿತು. ಮರಿ ಸೀನಿ, ತಲೆಯೆತ್ತಿ, "ಮ್ಯಾ" ಎಂದಿತು.

ಇಲ್ಲದ ಮರಿಯೊಂದು ಬದುಕಿದ್ದಕ್ಕೆ ಹೊಸದುರ್ಗದಲ್ಲಿ ಅಂದು ಎದ್ದ ಹರ್ಷೋದ್ಗಾರ ಕೊಬ್ಬರಿ ಮಾರ್ಕೆಟ್ಟಿನವರೆಗೂ ಕೇಳಿಸಿತಂತೆ. ಬೋರಕ್ಕ ಜೋರಾಗಿ ಅತ್ತುಬಿಟ್ಟಳು. ಒಂದು ವರ್ಷದಿಂದ ಅವಳ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಅಂದು ಬಿಡುಗಡೆಯಾಯಿತು. ಪಕ್ಕದಲ್ಲಿದ್ದ ಮುರುಗೇಶನೂ ಅತ್ತ. ಅವನ ಗಿರಾಕಿಯೊಬ್ಬ ಜೀವಂತ ವಾಪಸು ಬಂದಿದ್ದ.

ದಿವ್ಯಾ ಮತ್ತೆ ಮೈಕು ಹಿಡಿದಳು. "ಈ ಏಜೆಂಟನ್ನ ಮಾಡಿ ಎಂಟು ತಿಂಗಳಾಯ್ತು. ಬಂದವರೆಲ್ಲ ಒಂದೋ ಅದನ್ನ ಬೇಡ ಅಂದ್ರು, ಇಲ್ಲ ಪರೀಕ್ಷೆ ಮಾಡಿದ್ರು. ಗೊತ್ತಿಲ್ಲ ಅಂತ ಒಪ್ಕೊಂಡು ಕೆಲಸ ಮಾಡಿಸ್ಕೊಂಡೋರು, ತಪ್ಪು ಮಾಡಿದಾಗ ತಿದ್ದಿದೋರು ಇವರೊಬ್ಬರೇ. ವ್ಯಾನು ಶ್ರೀರಾಂಪುರ ಹೋಬಳಿಗೆ!"

ಕಾಟಪ್ಪನನ್ನು ಹೆಗಲ ಮೇಲೆ ಎತ್ತಿಕೊಂಡರು. ಚಿಕ್ಕತಿಮ್ಮಪ್ಪ ಅವನ ಕೊರಳಿಗೆ ತನ್ನ ಟವೆಲ್ಲನ್ನೇ ಹಾಕಿದ. "ರೆಪ್ಪೆ ನೋಡೋದು ಎಲ್ಲಿ ಕಲಿತ್ರಿ?" ಎಂದು ದಿವ್ಯಾ ಕೇಳಿದಳು. ಮಾಮೂಲಿನ ಕಾಟಪ್ಪನಾಗಿದ್ದರೆ ದೆಹಲಿಯ ದೊಡ್ಡ ಡಾಕ್ಟರೊಬ್ಬರು ಅವನಿಗೆ ಬೇಕಾದವರಾಗಿರುತ್ತಿದ್ದರು. ಅಂದು ಅವನು ಹೆಗಲ ಮೇಲಿಂದಲೇ ಕೈ ತೋರಿಸಿದ. "ಅಗೋ, ಅಲ್ಲಿ ನಿಂತವ್ಳಲ್ಲ, ನಮ್ಮನೇಳು, ನಾಗಿ. ಕುರಿ ನೋಡಿದ್ದೆಲ್ಲ ಅವ್ಳು. ನಾನು ಅವ್ಳು ನೋಡೋದನ್ನ ನೋಡಿದ್ದು, ಅಷ್ಟೇ."

ನಾಗಕ್ಕ ಸೆರಗು ಸರಿಮಾಡಿಕೊಂಡು ಬೇರೆ ಕಡೆ ತಿರುಗಿದಳು. ಅವಳ ಕಿವಿ ಕೆಂಪಾಗಿದ್ದನ್ನು ಕಂಡವರಿದ್ದಾರೆ.

ದಿವ್ಯಾ ಆ ಮಾತನ್ನು ಬಿಡಲಿಲ್ಲ. ಮುಂದಿನ ವಾರ ಜೀಪು ಮತ್ತೆ ಬಂತು, ಈ ಸಲ ನಾಗಕ್ಕನನ್ನು ಕರೆದೊಯ್ಯಲು. ಚಿತ್ರದುರ್ಗದಲ್ಲಿ ಎರಡು ದಿನ ಅವಳನ್ನು ಮೈಕಿನ ಮುಂದೆ ಕೂರಿಸಿ, ಕುರಿಯ ಬಗ್ಗೆ ಗೊತ್ತಿದ್ದದ್ದನ್ನೆಲ್ಲ ಕೇಳಿ, ಅವಳು ಒಪ್ಪಿದ ಮೇಲೆ ಅವಳ ಮಾತನ್ನೂ ದನಿಯನ್ನೂ ಏಜೆಂಟಿಗೆ ಕಲಿಸಿದರು. "ಮೆಲ್ಲಗೆ ಮಾತಾಡಿ ಅಕ್ಕಾ" ಎಂದು ಹೇಳಿಕೊಟ್ಟರಂತೆ. "ಮೆಲ್ಲಗೆ ಹೇಳಿದ್ರೆ ಕುರಿನೂ ಕೇಳಲ್ಲ, ಗಂಡಸ್ರೂ ಕೇಳಲ್ಲ" ಎಂದು ಅವಳು ತನ್ನ ದನಿಯಲ್ಲೇ ಹೇಳಿ ಬಂದಳು.

ಯುಗಾದಿ ಕಳೆದ ಮೊದಲ ಸೋಮವಾರ ಬಿಳಿ ವ್ಯಾನು ಕಣಿವೆಹಟ್ಟಿಗೆ ಬಂತು. ಡಾಕ್ಟರರು ಇಳಿದು ನೇರ ಬೋರಕ್ಕನ ರೊಪ್ಪಕ್ಕೆ ಹೋಗಿ ಹೊಸ ಮರಿಗಳಿಗೆಲ್ಲ ಔಷಧ ಕುಡಿಸಿದರು. ಆಮೇಲೆ ವ್ಯಾನಿನ ಪಕ್ಕಕ್ಕೆ ತೆರೆ ಕಟ್ಟಿ, ಶಾಲು ಹೊದಿಸಿ, ಕಾಟಪ್ಪನ ಕಣ್ಣಿಗೇ ಮೊದಲು ಕನ್ನಡಕವಿಟ್ಟರು. ಸುತ್ತ ಏಳು ಹಟ್ಟಿಯ ಜನ. ಕಾಟಪ್ಪ ಗತ್ತಿನಿಂದ ನಡುಬಯಲಿನಲ್ಲಿ ನಿಂತು, ಒಂದು ಕೈ ಸೊಂಟಕ್ಕಿಟ್ಟು, "ನಮಸ್ಕಾರ ತಾಯಿ," ಎಂದ.

"ನಮಸ್ಕಾರ ಆಮೇಲೆ ಮಾಡು!" ಎಂದಿತು ಕನ್ನಡಕದೊಳಗಿನ ದನಿ. "ಆ ಟಗರು ಬೇಲಿ ಹಾರ್ತಾ ಐತೆ, ಕಾಣ್ಸಲ್ವಾ? ಕಂಬ ನಿಂತಂಗೆ ನಿಂತಿದೀಯ! ಅಡ್ಡ ಹೋಗು!"

ಕಾಟಪ್ಪನ ಕೈ ಸೊಂಟದಿಂದ ಜಾರಿತು. ಶಾಲು ಕೆಳಗೆ ಬಿತ್ತು. ಅವನು ಎರಡೂ ತೋಳು ಚಾಚಿ ಬಲಕ್ಕೆ ಓಡಿದ. ತೆರೆಯ ಮೇಲೆ ಟಗರು ಎಡಕ್ಕೆ ಜಿಗಿಯಿತು.

"ಬಲಕ್ಕಲ್ಲ, ಎಡಕ್ಕೆ!" ಎಂದು ಒಳಗಿನ ನಾಗಕ್ಕನೂ, ಜನರ ನಡುವೆ ನಿಂತಿದ್ದ ಹೊರಗಿನ ನಾಗಕ್ಕನೂ ಒಂದೇ ಉಸಿರಿಗೆ ಕೂಗಿದರು.

ಕಾಟಪ್ಪ ಎಡಕ್ಕೆ ಹೊರಳಿದ. ಟಗರು ರೊಪ್ಪದೊಳಕ್ಕೆ ಬಂತು.